ಸದ್ದು ಕೇಳಿ ಬೇಟೆಯಾಡುವ ಸಿನಿಮಾ ಪ್ರಾಣಿಯನ್ನು ಗೋಳಗುಮ್ಮಟದೊಳಗೆ ಬಿಡುವುದು ಹೇಗೆ?

ಗುಮ್ಮಟದ ನೆರಳು (ವಿಜಯಪುರ):

ನಾವು ಐದು ಜನ ಗೆಳೆಯರು ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಪಡಸಾಲೆಯಲ್ಲಿ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೆಯ ಆವೃತ್ತಿಯನ್ನು ಆಡುತ್ತೇವೆ; ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕಥೆ ಕಟ್ಟುವ ಆಟ ಅದು. ಕಥೆ ನಡೆಸುವ ಡಂಜನ್ ಮಾಸ್ಟರ್ ಹೊಣೆ ನನ್ನದು. ಕಥೆಯ ಊರಿಗೆ ಬೇರೆ ಹೆಸರಿಟ್ಟಿದ್ದರೂ ನಕ್ಷೆ ವಿಜಯಪುರದ್ದೇ: ಗೋಳಗುಮ್ಮಟವಿದೆ, ಉಪ್ಪಲಿ ಬುರುಜು ಇದೆ, ತಾಜ್ ಬಾವಡಿ ಇದೆ, ಜನರು ಮಾತ್ರ ಇಲ್ಲ. ಜನರು ಊರು ಬಿಟ್ಟುಹೋದದ್ದಕ್ಕೆ ಕಾರಣವಾಗಿ ನಾನು 2018ರ ‘ಎ ಕ್ವೈಟ್ ಪ್ಲೇಸ್’ ಚಿತ್ರದ ಪ್ರಾಣಿಯನ್ನು ತಂದೆ. ಅದಕ್ಕೆ ಕಣ್ಣು ಕಾಣುವುದಿಲ್ಲ, ಮೈಯೆಲ್ಲ ಗಟ್ಟಿ ಚಿಪ್ಪು, ಕಿವಿ ಮಾತ್ರ ವಿಪರೀತ ಚುರುಕು. ಚಿತ್ರದ ಕೊನೆಗೆ, ಕಥೆಯ ಕುಟುಂಬದ ಮಗಳ ಶ್ರವಣಸಾಧನದಿಂದ ಹೊರಡುವ ಕೀರಲು ಸದ್ದಿಗೆ ತತ್ತರಿಸಿ ಅದು ತಲೆಯ ಚಿಪ್ಪನ್ನು ತೆರೆದಾಗಲೇ ಗುಂಡು ನಾಟುತ್ತದೆ.

ನಾನು ಅದಕ್ಕೆ 18 ಆರ್ಮರ್ ಕ್ಲಾಸ್ (ಏಟು ತಾಗದಂತೆ ಕಾಯುವ ಅಂಕ), 110 ಹಿಟ್ ಪಾಯಿಂಟ್ (ಜೀವದ ಅಂಕ), 60 ಅಡಿ ಬ್ಲೈಂಡ್‌ಸೈಟ್ (ಕಣ್ಣಿಲ್ಲದೆ ಸುತ್ತಲಿನದನ್ನು ಅರಿಯುವ ಶಕ್ತಿ) ಕೊಟ್ಟು ಮೊದಲ ಬಾರಿ ಆಡಿಸಿದಾಗ ಎಲ್ಲವೂ ನೀರಸವಾಗಿ ಮುಗಿಯಿತು. ಕ್ಲೆರಿಕ್ (ದೇವರ ಬಲದಿಂದ ಮಂತ್ರ ಹಾಕುವ ಅರ್ಚಕ) ಪಾತ್ರದ ಗೆಳೆಯ, ಸುತ್ತಲಿನ ಸದ್ದನ್ನೆಲ್ಲ ಅಡಗಿಸುವ ಸೈಲೆನ್ಸ್ ಮಂತ್ರವನ್ನು ತನ್ನ ಮೇಲೆಯೇ ಹಾಕಿಕೊಂಡ. ಉಳಿದವರೆಲ್ಲ ಒಂದೇ ಛತ್ರಿಯಡಿ ಮಳೆ ದಾಟುವವರಂತೆ ಅವನಿಗೆ ಅಂಟಿಕೊಂಡು ಊರು ತುಂಬ ಓಡಾಡಿದರು. ನಾಲ್ವರೂ ಚಿತ್ರವನ್ನು ನೋಡಿದ್ದರಿಂದ, ಎದುರಾದ ಕೂಡಲೇ ಗುಡುಗಿನಂಥ ಸದ್ದಿನ ಅಲೆ ಎಬ್ಬಿಸುವ ಮಂತ್ರವಾದ ಥಂಡರ್‌ವೇವ್ ಹೊಡೆದು ಮೂರನೆಯ ಸುತ್ತಿನಲ್ಲಿ ಅದನ್ನು ಕೊಂದುಹಾಕಿದರು. “ಇದು ಕರಡಿನೇ ಐತಲ್ಲೋ, ಕಣ್ಣಷ್ಟೇ ಇಲ್ಲ” ಎಂದು ಒಬ್ಬ ನಕ್ಕದ್ದು ನನಗೆ ಇನ್ನೂ ಚುಚ್ಚುತ್ತಿದೆ. ಪಾತ್ರಗಳು ಐದನೆಯ ಲೆವೆಲ್‌ನಲ್ಲಿವೆ. ಊರಿನಲ್ಲಿ ಅಂಥ ಪ್ರಾಣಿಗಳು ಇನ್ನೂ ಇವೆ ಎಂದು ಕಥೆಯನ್ನು ಮುಂದುವರಿಸಬಲ್ಲೆ; ಆದರೆ ಚಿತ್ರದಲ್ಲಿದ್ದ ಭಯವನ್ನು ಮೇಜಿನ ಮೇಲೆ ಹುಟ್ಟಿಸುವುದು ಹೇಗೆ? ಸೈಲೆನ್ಸ್ ಮಂತ್ರವನ್ನು ನಿಷೇಧಿಸಲೇ? ಪ್ರಾಣಿಯ ದೌರ್ಬಲ್ಯವನ್ನೇ ಬದಲಿಸಲೇ?

ಇಪ್ಪತ್ತರ ದಾಳ (ಬೆಳಗಾವಿ):

ಮಂತ್ರವನ್ನು ನಿಷೇಧಿಸುವ ಅಗತ್ಯವಿಲ್ಲ, ಅದನ್ನು ಪುಸ್ತಕದಲ್ಲಿರುವಂತೆ ಓದಿದರೆ ಸಾಕು. ಐದನೆಯ ಆವೃತ್ತಿಯಲ್ಲಿ ಸೈಲೆನ್ಸ್ ಮಂತ್ರವನ್ನು ವ್ಯಕ್ತಿಯ ಮೇಲೆ ಹಾಕುವಂತಿಲ್ಲ, ಒಂದು ಸ್ಥಳದ ಮೇಲೆ ಹಾಕಬೇಕು; 20 ಅಡಿ ತ್ರಿಜ್ಯದ ಆ ಗೋಳ ಹಾಕಿದಲ್ಲೇ ನಿಲ್ಲುತ್ತದೆ, ಏಕಾಗ್ರತೆ ಕೆಡದಿದ್ದರೆ ಹತ್ತು ನಿಮಿಷ ಇರುತ್ತದೆ. ಹೊತ್ತುಕೊಂಡು ತಿರುಗುವ ಮೌನ ಮೂರನೆಯ ಆವೃತ್ತಿಯದ್ದು. ಹಳೆಯ ಆಟಗಾರರಿಂದ ಕಲಿತವರಲ್ಲಿ ಈ ಗೊಂದಲ ಸಾಮಾನ್ಯ. ನಿಮ್ಮ ಪ್ರಾಣಿ ಊರಿನ ಗಾಳಿ, ಪಾರಿವಾಳಗಳ ರೆಕ್ಕೆ, ಎಲೆಯ ಸರಸರಗಳನ್ನೆಲ್ಲ ಸದಾ ಕೇಳುತ್ತಿರುತ್ತದೆ ಎಂದಿಟ್ಟುಕೊಳ್ಳಿ. ಆಗ ನಡುವೆ 40 ಅಡಿ ಅಗಲದ, ಏನೂ ಕೇಳಿಸದ ಒಂದು ತೂತು ಬಿದ್ದರೆ ಅದಕ್ಕೆ ಅನುಮಾನ ಬರುತ್ತದೆ. ಒಳಗೆ ನುಗ್ಗಿದರೆ ಬ್ಲೈಂಡ್‌ಸೈಟ್ ಕಳೆದುಕೊಳ್ಳುತ್ತದೆ, ಏಕೆಂದರೆ ಬಾವಲಿಯ ವಿವರದಲ್ಲಿ ಪುಸ್ತಕವೇ ಹೇಳುವಂತೆ, ಕಿವಿಯನ್ನು ನಂಬಿದ ಬ್ಲೈಂಡ್‌ಸೈಟ್ ಕಿವುಡಾದಾಗ ಕೆಲಸ ಮಾಡುವುದಿಲ್ಲ. ಆದ್ದರಿಂದ ಅದು ನುಗ್ಗದೆ ಗೋಳದ ಅಂಚಿನಲ್ಲಿ ಕುಳಿತು ಹತ್ತು ನಿಮಿಷ ಕಾಯುತ್ತದೆ. ಒಳಗಿದ್ದವರಿಗೆ ಅದರ ಉಸಿರೂ ಕೇಳಿಸುವುದಿಲ್ಲ, ಬಾಯಿಂದ ಹೇಳುವ ಯಾವ ಮಂತ್ರವನ್ನೂ ಅಲ್ಲಿ ಹಾಕಲಾಗುವುದಿಲ್ಲ.

ಇನ್ನು ನಿಮ್ಮ ನಿಜವಾದ ತೊಂದರೆ ಬೇರೆ ಇದೆ ಎಂದು ನನಗನ್ನಿಸುತ್ತದೆ. ನೀವು ಪ್ರಾಣಿಯ ಮೈಯನ್ನು ಆಟಕ್ಕೆ ತಂದಿದ್ದೀರಿ, ಅದು ಮನುಷ್ಯರ ಮೇಲೆ ಹೇರುವ ಕಟ್ಟಳೆಯನ್ನು ತಂದಿಲ್ಲ. ಆ ಚಿತ್ರದಲ್ಲಿ ಹೆದರಿಸುವುದು ಉಗುರುಗಳಲ್ಲ, ಪ್ರತಿ ಸದ್ದಿಗೂ ಒಂದು ಬೆಲೆಯಿದೆ ಎಂಬುದು. ಆ ಬೆಲೆ ಆಟಗಾರರ ಕಣ್ಣಿಗೆ ಕಾಣಬೇಕು. ನಾವು ಒಮ್ಮೆ ಹೀಗೆ ಮಾಡಿದ್ದೆವು: ಮೇಜಿನ ನಡುವೆ ಒಂದು ಸ್ಟೀಲ್ ಬಟ್ಟಲು, ಪಕ್ಕದಲ್ಲಿ ಒಂದು ಹಿಡಿ ಹುಣಸೆ ಬೀಜ. ಬಾಯಿಂದ ಮಂತ್ರ ಹೇಳಿದರೆ ಒಂದು ಬೀಜ, ಕತ್ತಿ ಚಿಪ್ಪಿಗೆ ತಗುಲಿದರೆ ಎರಡು. 300 ಅಡಿ ದೂರಕ್ಕೆ ಕೇಳಿಸುವ ಥಂಡರ್‌ವೇವ್‌ಗೂ ಬೀಗ ತೆಗೆಯುವ ನಾಕ್ ಮಂತ್ರಕ್ಕೂ ನಾಲ್ಕು. ಬೀಜ ಬಿದ್ದಾಗಲೆಲ್ಲ ಹನ್ನೆರಡು ಮುಖದ ದಾಳವನ್ನು ಉರುಳಿಸಬೇಕು, ಬಿದ್ದ ಸಂಖ್ಯೆ ಬಟ್ಟಲಿನ ಬೀಜಗಳಷ್ಟು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಪ್ರಾಣಿ ಬಂದೇ ಬಿಡುತ್ತದೆ. ನಾಲ್ಕು ಬೀಜಗಳಿದ್ದರೆ ಮೂರರಲ್ಲಿ ಒಂದು ಸಲ. ಹತ್ತು ನಿಮಿಷ ಉಸಿರು ಬಿಗಿಹಿಡಿದು ಕುಳಿತರೆ ಒಂದು ಬೀಜವನ್ನು ಹೊರತೆಗೆಯಬಹುದು. ಬೀಜವನ್ನು ಇಡಬಾರದು, ಮೇಲಿನಿಂದ ಬೀಳಿಸಬೇಕು. ಆ ‘ಟಣ್’ ಎಂಬ ಸದ್ದಿಗೇ ನಮ್ಮ ವಿಝರ್ಡ್ (ಮಂತ್ರವಾದಿ) ಪಾತ್ರದ ಆಟಗಾರ್ತಿ ಕೊನೆಕೊನೆಗೆ ಬೆಚ್ಚಿಬೀಳುತ್ತಿದ್ದಳು.

ಬಾದಾಮಿ ಬಂಡೆ (ಬಾಗಲಕೋಟೆ):

ಬಟ್ಟಲಿನ ಉಪಾಯ ನನಗೂ ಹಿಡಿಸಿತು. ಆದರೆ ಪ್ರಾಣಿಯನ್ನು ದಾಳ ಕರೆದಾಗಲೆಲ್ಲ ಎದುರಿಗೆ ತಂದು ನಿಲ್ಲಿಸಿದರೆ ಮತ್ತೆ ಕರಡಿಯ ಕಥೆಯೇ ಆಗುತ್ತದೆ. 1975ರ ‘ಜಾಸ್’ ಚಿತ್ರದ ಯಾಂತ್ರಿಕ ಶಾರ್ಕ್ ಸಮುದ್ರದ ಉಪ್ಪುನೀರಿನಲ್ಲಿ ಪದೇಪದೇ ಕೆಟ್ಟುಹೋದದ್ದರಿಂದ ನಿರ್ದೇಶಕ ಸ್ಪೀಲ್‌ಬರ್ಗ್ ಮೀನಿನ ಬದಲು ಅದಕ್ಕೆ ಕಟ್ಟಿದ ಹಳದಿ ಪೀಪಾಯಿಗಳನ್ನು ತೋರಿಸಿದರು, ಹೆದರಿಕೆ ಅದರಿಂದಲೇ ಹೆಚ್ಚಿತು. ಮೊದಲ ಎರಡು ಸಲ ನೀವೂ ಪಾರಿವಾಳಗಳ ಹಿಂಡು ಒಮ್ಮೆಗೇ ಎದ್ದುಹೋದದ್ದನ್ನೋ, ಕಲ್ಲಿನ ಮೇಲೆ ಹಸಿ ಗೀರುಗಳನ್ನೋ ತೋರಿಸಿ ಬಿಟ್ಟುಬಿಡಿ.

ನನಗೆ ಆಶ್ಚರ್ಯವಾದದ್ದು, ಗೋಳಗುಮ್ಮಟವನ್ನು ಮನೆಯ ಅಂಗಳದಲ್ಲಿಟ್ಟುಕೊಂಡು ತಾವು ಅದನ್ನು ಬಳಸಿಯೇ ಇಲ್ಲ ಎಂಬುದು! ಮೂಲೆಯ ಏಳಂತಸ್ತಿನ ಗೋಪುರದ ಮೆಟ್ಟಿಲು ಹತ್ತಿ ಪಿಸುಗುಟ್ಟುವ ಮೊಗಸಾಲೆಗೆ ಹೋದವರಿಗೆ ಗೊತ್ತು: ಈ ಬದಿಯ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ಆ ಬದಿಯಲ್ಲಿ ಕಿವಿಯ ಪಕ್ಕದಲ್ಲೇ ಆಡಿದಂತೆ ಕೇಳಿಸುತ್ತದೆ, ಒಂದು ಚಪ್ಪಾಳೆ ಏಳೆಂಟು ಸಲ ಮರಳಿ ಬರುತ್ತದೆ. ಗುಮ್ಮಟದ ಒಳವ್ಯಾಸ ಸುಮಾರು 124 ಅಡಿ, ಅಂದರೆ ಐದಡಿಯ ಚೌಕಗಳ ನಿಮ್ಮ ನಕ್ಷೆಯಲ್ಲಿ ಇಪ್ಪತ್ತೈದು ಮನೆ. ಅದರೊಳಗೆ ಯಾವ ಸದ್ದಾದರೂ ಪ್ರಾಣಿ ಬರುವುದು ಖಚಿತ, ಆದರೆ ಯಾವ ದಿಕ್ಕಿಗೆ ಎರಗುತ್ತದೆ ಎಂಬುದನ್ನು ಎಂಟು ಮುಖದ ದಾಳ ಹೇಳಲಿ. ಆಟಗಾರರಿಗೆ ಈ ಗುಟ್ಟು ತಿಳಿದ ಕ್ಷಣದಿಂದ, ಗೋಡೆಗೆ ಪಿಸುಗುಟ್ಟಿ ಪ್ರಾಣಿಯನ್ನು ಎದುರು ಬದಿಗೆ ಹಾರಿಸುವ ಆಟ ಶುರುವಾಗುತ್ತದೆ.

ದೌರ್ಬಲ್ಯವನ್ನು ಬದಲಿಸಬೇಡಿ. ಚಿತ್ರ ನೋಡಿದವರಿಗೆ ತಿಳಿದಿರುವುದು ತಿಳಿದೇ ಇರಲಿ. ಅದನ್ನು ಬಳಸುವುದು ದುಬಾರಿಯಾಗಲಿ. ಥಂಡರ್‌ವೇವ್‌ನಿಂದ ಒಂದು ಸುತ್ತಿನ ಮಟ್ಟಿಗೆ ಚಿಪ್ಪು ತೆರೆದು ಆರ್ಮರ್ ಕ್ಲಾಸ್ 12ಕ್ಕೆ ಇಳಿಯಲಿ, ಆದರೆ ಆ ಸದ್ದಿಗೆ ಎರಡನೆಯ ಪ್ರಾಣಿ ಹೊರಡಲಿ. ಕೊನೆಯ ಆಟಕ್ಕೆ ಮಲಿಕ್-ಎ-ಮೈದಾನ್ ತೋಪು ಇದ್ದೇ ಇದೆಯಲ್ಲ. 1549ರಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಆ ತೋಪಿಗೆ ಬತ್ತಿ ಹಚ್ಚಿದವನು ಸದ್ದಿನಿಂದ ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದ ಎಂಬ ಕಥೆಯನ್ನು ನಾವೆಲ್ಲ ಶಾಲೆಯ ಪ್ರವಾಸದಲ್ಲಿ ಕೇಳಿದ್ದೇವೆ. ನಿಮ್ಮ ಕಥೆಯಲ್ಲಿ ಆ ತೋಪು ಹಾರಿದರೆ ಊರಿನ ಎಲ್ಲ ಪ್ರಾಣಿಗಳ ಚಿಪ್ಪೂ ಒಟ್ಟಿಗೆ ತೆರೆಯುತ್ತದೆ. ಆದರೆ ತೊಟ್ಟಿಯಲ್ಲಿ ಒಬ್ಬರಿಗಷ್ಟೇ ಜಾಗ, ಹೊರಗುಳಿದವರು ಒಂದು ತಾಸು ಕಿವುಡರು. ತನ್ನ ಹೆಜ್ಜೆಯ ಸದ್ದು ತನಗೇ ಕೇಳಿಸದವನು ಎಷ್ಟು ಬೀಜ ಬೀಳಿಸುತ್ತಿದ್ದಾನೆ ಎಂಬುದು ಅವನಿಗೆ ತಿಳಿಯಬಾರದು, ಆ ಲೆಕ್ಕವನ್ನು ತಾವು ಗುಟ್ಟಾಗಿ ಇಟ್ಟುಕೊಳ್ಳಿ.

ಘಟಪ್ರಭೆಯ ದಂಡೆ (ಗೋಕಾಕ):

ಚಿಕ್ಕದೊಂದು ಸೇರ್ಪಡೆ. ಚಿತ್ರದಲ್ಲಿ ತಂದೆ ಮಗನನ್ನು ಜಲಪಾತದ ಬಳಿಗೆ ಕರೆದೊಯ್ದು, ಇಲ್ಲಿ ಬಾಯಿಬಿಟ್ಟು ಮಾತನಾಡಬಹುದು ಎಂದು ತೋರಿಸುತ್ತಾನೆ. ಊರಿನ ಹೊರಗೆ ಅಂಥದ್ದೊಂದು ಧಬಧಬೆ ಇಡಿ. ನಮ್ಮ ಗೋಕಾಕದ ಧಬಧಬೆ 52 ಮೀಟರ್ ಎತ್ತರದಿಂದ ಬೀಳುತ್ತದೆ, ಮಳೆಗಾಲದಲ್ಲಿ ಅದರೆದುರು ನಿಂತರೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಅಲ್ಲಿ ಬೀಜ ಬೀಳುವುದಿಲ್ಲ, ಆದರೆ ಪ್ರಾಣಿ ಹಿಂದಿನಿಂದ ಬಂದರೂ ಪಾತ್ರಗಳಿಗೆ ಕೇಳಿಸುವುದಿಲ್ಲ. ಬೇಸಿಗೆಯಲ್ಲಿ ನೀರು ಸೊರಗಿದ ಮೇಲೆ ಆ ಆಸರೆಯೂ ಇಲ್ಲ. ಇನ್ನೊಂದು ವಿಷಯ: ಚಿತ್ರದ ಕುಟುಂಬ ಬದುಕುಳಿದದ್ದು ಕೈಸನ್ನೆಯ ಭಾಷೆಯಿಂದ, ಆದ್ದರಿಂದ ಆಟಕ್ಕೆ ಮುನ್ನ ಹತ್ತು ಸನ್ನೆಗಳನ್ನು ಆಟಗಾರರೇ ನಿಶ್ಚಯಿಸಿಕೊಳ್ಳಲಿ. ಪಾತ್ರಗಳು ಮೌನವಾಗಿರುವಾಗ ಆಟಗಾರರಿಗೂ ಅಷ್ಟೇ ಸನ್ನೆಗಳು.

ಗುಮ್ಮಟದ ನೆರಳು (ವಿಜಯಪುರ):

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಆಡಿದೆವು. ಸೈಲೆನ್ಸ್ ವಿಷಯದಲ್ಲಿ ತಪ್ಪು ನನ್ನದೇ, ಪುಸ್ತಕ ತೆರೆದು ತೋರಿಸಿ ಒಪ್ಪಿಕೊಂಡೆ. ಕ್ಲೆರಿಕ್ ಗೆಳೆಯ ಮುಖ ಸಪ್ಪೆ ಮಾಡಿದರೂ, ಗೋಳದ ಅಂಚಿನಲ್ಲಿ ಅದು ಕಾಯುತ್ತ ಕುಳಿತಾಗ ನಿಮಿಷಗಳನ್ನು ಗಟ್ಟಿಯಾಗಿ ಎಣಿಸಿದವನು ಅವನೇ. ಸನ್ನೆಗಳು ಅರ್ಧ ಗಂಟೆಯಲ್ಲೇ ಗೊಂದಲವಾದವು. ‘ಹಿಂದೆ ಸರಿ’ ಎಂದು ರೋಗ್ (ಕಳ್ಳನ ಪಾತ್ರದವನು) ಮಾಡಿದ ಸನ್ನೆಯನ್ನು ವಿಝರ್ಡ್ ‘ಬಾಗಿಲು ತೆರೆ’ ಎಂದು ತಿಳಿದು ನಾಕ್ ಮಂತ್ರ ಹಾಕಿದ. ಗುಮ್ಮಟದೊಳಗೆ ಅದು ಎಂಟು ಸಲ ಮರಳಿತು ಎಂದು ನಾನು ಹೇಳಿದಾಗ ಪಡಸಾಲೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಅಷ್ಟರಲ್ಲಿ ಅಡುಗೆಮನೆಯಿಂದ ಅವ್ವ ಬಂದು, “ಯಾಕ್ರೋ, ಇಷ್ಟ್ ಸುಮ್ ಕುಂತೀರಿ? ಜಗಳಾ ಆಡೀರೇನು?” ಎಂದು ಕೇಳಿದರು. ಒಬ್ಬನೂ ಬಾಯಿಬಿಟ್ಟು ಉತ್ತರಿಸಲಿಲ್ಲ, ನಾಲ್ವರೂ ಬಟ್ಟಲಿನ ಕಡೆ ಕೈ ತೋರಿಸಿದರು.

ಈ ಸಲದ ಪ್ರಾಣಿಯನ್ನು ಇನ್ನೂ ಯಾರೂ ಪೂರ್ತಿಯಾಗಿ ನೋಡಿಲ್ಲ. ಮುಂದಿನ ಭಾನುವಾರ ತೋಪಿನ ಬುರುಜಿಗೆ ಹೋಗುತ್ತೇವೆ, ಬಟ್ಟಲಿನಲ್ಲಿ ಈಗಾಗಲೇ ಐದು ಬೀಜಗಳಿವೆ.