ಸಹಾಯ ಬೇಕು: ನನ್ನ ತೋಳ್ಬಲಕ್ಕೆ ಹೊಂದುವ ಕಯಾಕ್ ಹುಟ್ಟು ಯಾವುದು?

ಗುಂಪಿನ ಎಲ್ಲರಿಗೂ ನಮಸ್ಕಾರ. ಕಳೆದ ಒಂದು ವರ್ಷದಿಂದ ಭಾನುವಾರ ಬೆಳಿಗ್ಗೆ ಕೋಡಿಬೆಂಗ್ರೆಯ ಸಮೀಪ ಸ್ವರ್ಣಾ ನದಿಯ ಹಿನ್ನೀರಿನಲ್ಲಿ ಕಯಾಕ್ ನಡೆಸುತ್ತಿದ್ದೇನೆ. ನನಗೆ 52 ವರ್ಷ. ಎತ್ತರ 5 ಅಡಿ 3 ಅಂಗುಲ, ತೂಕ 56 ಕಿಲೋ. ಕಯಾಕಿನ ಅಗಲ 75 ಸೆಂ.ಮೀ. ಅದರೊಂದಿಗೆ ಬಂದ ಅಲ್ಯೂಮಿನಿಯಂ ಹುಟ್ಟು 230 ಸೆಂ.ಮೀ. ಉದ್ದವಿದೆ, ಅಲಗಂತೂ ಗೆರಸೆಯಷ್ಟಿದೆ ಎಂದರೆ ತುಸು ಉತ್ಪ್ರೇಕ್ಷೆಯಾದೀತು.

ಇಳಿತದ ಹೊತ್ತಿನಲ್ಲಿ ಅಳಿವೆಯ ಕಡೆಗೆ ಹೋಗುವಾಗ ತೊಂದರೆಯಿಲ್ಲ. ಆದರೆ ಸೆಳೆತಕ್ಕೆ ಎದುರಾಗಿ ಮರಳುವಾಗ ಅರ್ಧ ಗಂಟೆಯೊಳಗೆ ಬಲ ಮೊಣಕೈಯ ಹೊರಭಾಗ ಉರಿಯತೊಡಗುತ್ತದೆ, ದಡಕ್ಕೆ ಬಂದ ಮೇಲೆ ನೀರಿನ ಬಾಟಲಿಯ ಮುಚ್ಚಳ ತೆರೆಯಲೂ ಬೆರಳು ಬಗ್ಗುವುದಿಲ್ಲ. ದೊಡ್ಡ ಅಲಗು ಪ್ರತಿ ಎಳೆತಕ್ಕೂ ಹೆಚ್ಚು ನೀರನ್ನು ಹಿಡಿಯುವುದರಿಂದ ಬಲಶಾಲಿಗಳಿಗೆ ವೇಗ ಕೊಡುತ್ತದೆ, ನನ್ನಂಥವರನ್ನು ಬೇಗ ದಣಿಸುತ್ತದೆ. ಚಿಕ್ಕ ಅಲಗಿನಲ್ಲಿ, ಸೈಕಲ್ಲಿನ ಹಗುರ ಗೇರಿನಂತೆ, ಎಳೆತಗಳ ಸಂಖ್ಯೆ ಹೆಚ್ಚಿದರೂ ಕೀಲುಗಳ ಮೇಲಿನ ಭಾರ ಇಳಿಯುತ್ತದೆ ಎಂಬುದು ನನ್ನ ತಿಳಿವಳಿಕೆ. ಅಂಗಡಿಯವರು ಮಾತ್ರ ಎತ್ತರವನ್ನಷ್ಟೇ ಕೇಳಿದರು, ಶಕ್ತಿಯ ಮಾತನ್ನೇ ಎತ್ತಲಿಲ್ಲ.

ಚಿಕ್ಕ ಅಲಗಿನ, ಫೈಬರ್‌ಗ್ಲಾಸ್ ಅಥವಾ ಕಾರ್ಬನ್ ಕೋಲಿನ ಹುಟ್ಟು ಕೊಳ್ಳಬೇಕೆಂದಿದ್ದೇನೆ. ಉದ್ದವನ್ನು 220ಕ್ಕೆ ಇಳಿಸಿದರೆ ಇಷ್ಟು ಅಗಲದ ಕಯಾಕಿನ ಅಂಚಿಗೆ ಬೆರಳು ಬಡಿಯುವುದೇ? ಕಾರ್ಬನ್ನಿಗೆ ಕೊಡುವ ಹೆಚ್ಚಿನ ಹಣಕ್ಕೆ ತಕ್ಕಷ್ಟು ಆರಾಮ ನನ್ನ ಮೊಣಕೈಗೆ ಸಿಕ್ಕೀತೇ? ಮಲ್ಪೆ ಅಥವಾ ಸಾಲಿಗ್ರಾಮದ ಆಸುಪಾಸಿನಲ್ಲಿ ಯಾರಲ್ಲಾದರೂ ಅಂಥ ಹುಟ್ಟು ಇದ್ದರೆ, ಒಂದು ಗಂಟೆಯ ಮಟ್ಟಿಗೆ ನಡೆಸಿ ನೋಡಲು ಕೊಡುವಿರಾದರೆ ದಯವಿಟ್ಟು ತಿಳಿಸಿ.