ಯಹೂದಿ ಕಟ್ಟಳೆ, ಆಚಾರಗಳನ್ನು ಹಳೆಯ ಹಸ್ತಪ್ರತಿಗಳಿಂದ ತಿಳಿಯಲು ಎಲ್ಲಿಂದ ಶುರು ಮಾಡಲಿ?

ಪುತ್ತೂರಿನಿಂದ, ಕೇಳಿದವರು:

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿ ಈಗ ನಿವೃತ್ತನಾಗಿದ್ದೇನೆ. 12ನೇ ಶತಮಾನದಲ್ಲಿ ನಮ್ಮ ಮಂಗಳೂರಿನಲ್ಲಿ ಒಬ್ಬ ಯಹೂದಿ ವ್ಯಾಪಾರಿ ಇದ್ದ, ಅವನ ಕಾಗದಪತ್ರಗಳು ಈಜಿಪ್ಟಿನಲ್ಲಿ ಸಿಕ್ಕಿವೆ ಎಂದು ಓದಿದೆ. ಅಂದಿನಿಂದ ಆ ಜನರ ಧರ್ಮಶಾಸ್ತ್ರ, ಮನೆಯ ಆಚಾರ ತಿಳಿಯಬೇಕೆಂಬ ಆಸೆ. ಪರಿಚಯದ ಪುಸ್ತಕ ನಾಲ್ಕೈದು ಓದಿದೆ. ಎಲ್ಲದರಲ್ಲೂ ‘ಯಹೂದಿಗಳು ಹೀಗೆ ಮಾಡುತ್ತಾರೆ’ ಎನ್ನುವ ಒಂದೇ ಮಾತು. ಹಳೆಯ ಹಸ್ತಪ್ರತಿಗಳನ್ನೂ ಮೊದಮೊದಲು ಅಚ್ಚಾದ ಪುಸ್ತಕಗಳನ್ನೂ ನೋಡಿಯೇ ಕಲಿಯಬಹುದಾ? ಹೀಬ್ರೂ ಬರುವುದಿಲ್ಲ, ಇಂಗ್ಲಿಷ್ ಓದುತ್ತೇನೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಮೈಸೂರಿನಿಂದ:

ಮೇಷ್ಟ್ರೇ, ಖಂಡಿತ ಆಗುತ್ತದೆ. ಆದರೆ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಶುಲ್ಖಾನ್ ಅರೂಖ್ ಅಂತ ಅವರ ದೊಡ್ಡ ಕಟ್ಟಳೆಯ ಗ್ರಂಥ ಇದೆ. ಅದರ ಅನುವಾದ ಹಿಡಿದು ಮೊದಲ ಪುಟದಿಂದ ಓದಲು ಕೂತೆ. ಎರಡು ತಿಂಗಳಲ್ಲಿ ತಲೆ ಕೆಟ್ಟು ಬಿಟ್ಟೆ. ಆಮೇಲೆ ದಾರಿ ಬದಲಿಸಿದೆ. ಒಂದೇ ಒಂದು ಆಚಾರ ಆರಿಸಿಕೊಂಡು ಅದರ ಬೆನ್ನು ಹತ್ತಿದೆ. ನಾನು ಆರಿಸಿಕೊಂಡಿದ್ದು ಅಕ್ಕಿ.

ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ನೆನಪಿನ ಪಸ್ಕ ಹಬ್ಬದಲ್ಲಿ ಹುಳಿ ಬಂದ ಹಿಟ್ಟಿನ ಪದಾರ್ಥ ತಿನ್ನುವಂತಿಲ್ಲ, ಮನೆಯಲ್ಲೂ ಇಟ್ಟುಕೊಳ್ಳುವಂತಿಲ್ಲ. ಹಾಗಾದರೆ ಅನ್ನ ಉಣ್ಣಬಹುದಾ? ಮೊದಲು ತಾಲ್ಮುಡ್ ನೋಡಿದೆ, ಅಂದರೆ ಹಳೆಯ ಗುರುಗಳ ಕಟ್ಟಳೆ-ಚರ್ಚೆಗಳ ಸಂಗ್ರಹ. ಗೋಧಿ, ಬಾರ್ಲಿ ಸೇರಿ ಐದು ಧಾನ್ಯಗಳಿಗೆ ಮಾತ್ರ ಈ ಕಟ್ಟಳೆ ಎನ್ನುತ್ತದೆ. ಅಲ್ಲೇ ಒಬ್ಬ ಗುರು, ಯೋಹಾನಾನ್ ಬೆನ್ ನೂರಿ, ‘ಇಲ್ಲ, ಅಕ್ಕಿಯೂ ಅದೇ ಜಾತಿ’ ಎಂದು ಎದ್ದು ನಿಲ್ಲುತ್ತಾನೆ. ಅವನ ಮಾತು ನಡೆಯಲಿಲ್ಲ. ಇನ್ನೊಂದು ಕಡೆ ಹಬ್ಬದ ರಾತ್ರಿಯ ಊಟಕ್ಕೆ ಬೇಯಿಸಿದ ಎರಡು ಪದಾರ್ಥ ಯಾವುದು ಎಂಬ ಪ್ರಶ್ನೆಗೆ ಬಾಬಿಲೋನಿಯಾದ (ಈಗಿನ ಇರಾಕ್) ಗುರು ರಾವ್ ಹೂನಾ ‘ಬೀಟ್ ಸೊಪ್ಪು ಮತ್ತು ಅಕ್ಕಿ’ ಎನ್ನುತ್ತಾನೆ. ಅಂದರೆ ಬಾಬಿಲೋನಿಯಾದಲ್ಲಿ ಹಬ್ಬದ ಮೇಜಿನ ಮೇಲೆಯೇ ಅನ್ನ ಇತ್ತು!

ಸಾವಿರ ವರ್ಷದ ಹತ್ತಿರ ದಾಟಿ ಬನ್ನಿ. 14ನೇ ಶತಮಾನದಲ್ಲಿ ಯಾಕೋಬ್ ಬೆನ್ ಆಶೆರ್ ‘ಅರ್ಬಾ ತೂರಿಮ್’ ಎಂಬ ಕಟ್ಟಳೆಯ ಗ್ರಂಥ ಬರೆದ. ಜರ್ಮನಿಯಿಂದ ಹೋಗಿ ಸ್ಪೇನಿನಲ್ಲಿ ನೆಲೆಸಿದವನು. ಅಕ್ಕಿ, ಬೇಳೆಕಾಳುಗಳಲ್ಲಿ ಗೋಧಿ ಕಾಳು ಬೆರೆತಿರಬಹುದು ಎಂದು ಕೆಲವರು ಬೇಡ ಎನ್ನುತ್ತಾರೆ ಅಂತ ಬರೆದು, ಇದು ಅತಿಯಾದ ಮಡಿ, ಜನ ಹಾಗೆ ನಡೆಯುವುದಿಲ್ಲ ಎಂದು ತನ್ನ ಅಭಿಪ್ರಾಯವನ್ನೂ ಸೇರಿಸಿದ್ದಾನೆ.

ಈಗ ಶುಲ್ಖಾನ್ ಅರೂಖ್‌ಗೆ ಬನ್ನಿ. ಸ್ಪೇನಿನಿಂದ ಹೊರದೂಡಿಸಿಕೊಂಡ ಮನೆತನದ ಜೋಸೆಫ್ ಕಾರೋ ಸಫೇದ್ ಊರಿನಲ್ಲಿ ಕೂತು ಬರೆದದ್ದು, ವೆನಿಸ್‌ನಲ್ಲಿ 1565ರಲ್ಲಿ ಅಚ್ಚಾಯಿತು. ಹೆಸರಿನ ಅರ್ಥ ‘ಅಣಿ ಮಾಡಿಟ್ಟ ಊಟದ ಮೇಜು’. ಅದರಲ್ಲಿ ಅಕ್ಕಿ ತಿನ್ನಬಹುದು. ಪೋಲೆಂಡಿನ ಕ್ರಾಕೋವ್‌ನ ಮೋಶೆ ಇಸ್ಸೆರ್ಲೆಸ್ ಇದನ್ನು ಓದಿದ. ನಮ್ಮ ಕಡೆಯ ಪದ್ಧತಿ ಇದರಲ್ಲಿ ಇಲ್ಲವಲ್ಲ ಅನ್ನಿಸಿತು. ಕಾರೋ ಪುಸ್ತಕಕ್ಕೇ ತನ್ನ ಟಿಪ್ಪಣಿ ಸೇರಿಸಿದ. ಅದಕ್ಕೆ ‘ಮಪ್ಪಾ’, ಅಂದರೆ ಮೇಜಿನ ಮೇಲೆ ಹಾಸುವ ಬಟ್ಟೆ ಎಂದು ಹೆಸರಾಯಿತು. ಅಕ್ಕಿಯ ಜಾಗದಲ್ಲಿ ಅವನು ಬರೆದದ್ದು ಇಷ್ಟೇ: ಕೆಲವರು ನಿಷೇಧಿಸುತ್ತಾರೆ, ಅಶ್ಕೆನಾಜ್ ಸೀಮೆಯಲ್ಲಿ (ಜರ್ಮನಿ, ಪೋಲೆಂಡ್ ಕಡೆ) ಹಾಗೇ ನಡೆಯುತ್ತದೆ, ಬದಲಿಸಬಾರದು.

ಆ ಪುಟವನ್ನು ಒಮ್ಮೆ ದೊಡ್ಡದು ಮಾಡಿಕೊಂಡು ನೋಡಿ ಮೇಷ್ಟ್ರೇ. ಕಾರೋ ಮಾತು ದಪ್ಪ ಚೌಕಾಕ್ಷರದಲ್ಲಿದೆ. ಅದರ ನಡುವೆಯೇ ಸಣ್ಣ ಬಾಗಿದ ಅಕ್ಷರದಲ್ಲಿ, ‘ಹಗಾಹಾ’ (ಟಿಪ್ಪಣಿ) ಎಂಬ ಪದದಿಂದ ಶುರುವಾಗಿ, ಇಸ್ಸೆರ್ಲೆಸ್ ಮಾತು ಬರುತ್ತದೆ. ‘ಹೌದು’ ಮತ್ತು ‘ಬೇಡ’ ಒಂದೇ ಅಂಕಣದಲ್ಲಿ ಅಕ್ಕಪಕ್ಕ. ಯಾರೂ ಯಾರನ್ನೂ ಅಳಿಸಿಲ್ಲ. ನಿಮ್ಮ ಪರಿಚಯದ ಪುಸ್ತಕಗಳಲ್ಲಿ ಸಿಗದೆ ಹೋದದ್ದು ಇದೇ ಅಲ್ವಾ?

ತಾಲ್ಮುಡ್ ಮತ್ತು ಶುಲ್ಖಾನ್ ಅರೂಖ್ ಮೂಲ, ಅನುವಾದ ಸೆಫಾರಿಯಾ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಹಸ್ತಪ್ರತಿಗಳ ಚಿತ್ರಕ್ಕೆ ಜೆರುಸಲೇಮಿನ ರಾಷ್ಟ್ರೀಯ ಗ್ರಂಥಾಲಯದ ‘ಕ್ತೀವ್’ ನೋಡಿ. ಹೀಬ್ರೂ ಇಲ್ಲದೆಯೂ ಶುರು ಮಾಡಬಹುದು.

ಬೆಂಗಳೂರಿನಿಂದ:

ಮೈಸೂರಿನವರು ಹೇಳಿದ್ದೆಲ್ಲ ಸರಿ, ಕೊನೆಯ ಮಾತೊಂದನ್ನು ನಾನು ಒಪ್ಪುವುದಿಲ್ಲ. ಭಾಷೆ ಬೇಡ ಸರ್, ಅಕ್ಷರ ಮಾತ್ರ ಬೇಕೇ ಬೇಕು. ಇರುವುದೇ 22. ಹತ್ತು ಹದಿನೈದು ದಿನ ಕೂತು ಬರೆದರೆ ಬರುತ್ತದೆ. ಅದು ಬಂದರೆ ಇಸವಿ ಓದಬಹುದು, ಗ್ರಂಥದ ಹೆಸರು ಓದಬಹುದು, ಯಾರ ಟಿಪ್ಪಣಿ ಎಲ್ಲಿ ಶುರುವಾಗುತ್ತದೆ ಎಂದು ಹುಡುಕಬಹುದು.

ಇಸವಿ ಲೆಕ್ಕ ನಿಮಗೆ ಸುಲಭ. ಶಾಸನದ ಶಕ ವರ್ಷಕ್ಕೆ 78 ಸೇರಿಸುತ್ತೇವಲ್ಲ, ಅದೇ ತರ. ಹೀಬ್ರೂವಿನಲ್ಲಿ ಅಕ್ಷರಗಳೇ ಅಂಕಿ. ಅವರ ವರ್ಷಸಂಖ್ಯೆ ಐದು ಸಾವಿರ ದಾಟಿದೆ, ಆ ಐದು ಸಾವಿರವನ್ನು ಸಾಮಾನ್ಯವಾಗಿ ಬಿಟ್ಟು ಉಳಿದದ್ದನ್ನು ಬರೆಯುತ್ತಾರೆ. ಅದಕ್ಕೆ 1240 ಸೇರಿಸಿ. ರೇಶ್ 200, ಲಾಮೆದ್ 30, ಹೇ 5, ಒಟ್ಟು 235. 1240 ಸೇರಿಸಿದರೆ 1475. ಇಸವಿ ನಮೂದಾಗಿರುವ ಮೊದಲ ಅಚ್ಚಿನ ಹೀಬ್ರೂ ಪುಸ್ತಕ ಅದೇ ವರ್ಷದ್ದು. ಇಟಲಿಯ ರೆಜ್ಜೋ ದಿ ಕಲಾಬ್ರಿಯಾದಲ್ಲಿ ಅಚ್ಚಾದದ್ದು, ತೋರಾಕ್ಕೆ (ಬೈಬಲಿನ ಮೊದಲ ಐದು ಪುಸ್ತಕ) ರಾಶಿ ಎಂಬ ವ್ಯಾಖ್ಯಾನಕಾರ ಬರೆದ ವ್ಯಾಖ್ಯಾನ. ಒಂದು ಎಚ್ಚರಿಕೆ: ಅವರ ಹೊಸ ವರ್ಷ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬರುತ್ತದೆ. ಆ ಹೊಸ ವರ್ಷದಿಂದ ಡಿಸೆಂಬರ್ ಕೊನೆಯೊಳಗಿನ ದಿನವಾದರೆ ಒಂದು ವರ್ಷ ಕಳೆಯಬೇಕು. ನಾನು ಇದನ್ನು ಮರೆತು ಒಂದು ಪಟ್ಟಿಯನ್ನೇ ತಪ್ಪು ಮಾಡಿದ್ದೆ.

ಮೇಲೆ ಹೇಳಿದ ಸಣ್ಣ ಬಾಗಿದ ಅಕ್ಷರಕ್ಕೆ ‘ರಾಶಿ ಲಿಪಿ’ ಎನ್ನುತ್ತಾರೆ. ಆ ವ್ಯಾಖ್ಯಾನಕಾರ ರಾಶಿ 1105ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡ. ಅವನು ಈ ಲಿಪಿಯಲ್ಲಿ ಬರೆದವನೇ ಅಲ್ಲ. ಸ್ಪೇನ್ ಕಡೆಯ ಯಹೂದಿಗಳ ಕೈಬರಹವನ್ನು ನೋಡಿ ಅಚ್ಚಿನವರು ಮೊಳೆ ಮಾಡಿಸಿದರು, ಅವನ ವ್ಯಾಖ್ಯಾನಕ್ಕೆ ಬಳಸಿದರು, ಹೆಸರು ಅಂಟಿಕೊಂಡಿತು.

ತಾಲ್ಮುಡ್ ಪುಟದ ರೂಪವೂ ಅಚ್ಚುಮನೆಯಲ್ಲೇ ಗಟ್ಟಿಯಾಯಿತು. ಪೂರ್ತಿ ತಾಲ್ಮುಡ್ ಮೊದಲು ಅಚ್ಚು ಮಾಡಿದವನು ಡೇನಿಯಲ್ ಬೊಂಬೆರ್ಗ್. ಆಂಟ್ವರ್ಪ್‌ನಿಂದ ವೆನಿಸ್‌ಗೆ ಬಂದ ಕ್ರೈಸ್ತ. 1520ರ ಆಸುಪಾಸಿನಲ್ಲಿ ಶುರುವಾಗಿ 1523ಕ್ಕೆ ಮುಗಿಯಿತು. ನಡುವೆ ಮೂಲ, ಹೊಲಿಗೆಯ ಕಡೆ ರಾಶಿ, ಹೊರಗಡೆ ತೊಸಾಫೋತ್ ಎಂಬ ಟಿಪ್ಪಣಿಗಳು. ನಮ್ಮಲ್ಲೂ ಮೂಲದ ಸುತ್ತ ಟೀಕು ಬರೆದ ಓಲೆಗಳನ್ನು ನೋಡಿರುತ್ತೀರಿ. ಅವನ ಹಾಳೆಸಂಖ್ಯೆಯನ್ನೇ ಇವತ್ತಿಗೂ ಜಗತ್ತಿನ ಎಲ್ಲಾ ಪಾಠಶಾಲೆಗಳಲ್ಲಿ ಬಳಸುತ್ತಾರೆ.

ಅದಾದ ಮೂವತ್ತು ವರ್ಷಕ್ಕೆ, 1553ರಲ್ಲಿ, ರೋಮಿನ ಚೌಕದಲ್ಲಿ ತಾಲ್ಮುಡ್ ಪ್ರತಿಗಳನ್ನು ಗುಡ್ಡೆ ಹಾಕಿ ಸುಟ್ಟರು. ಅದಕ್ಕೂ ಹಿಂದೆ, 13ನೇ ಶತಮಾನದಲ್ಲಿ, ಪ್ಯಾರಿಸ್‌ನಲ್ಲಿ ಗಾಡಿಗಟ್ಟಲೆ ಹಸ್ತಪ್ರತಿಗಳು ಉರಿದಿದ್ದವು. ಬಹುತೇಕ ಪೂರ್ಣವಾಗಿ ಉಳಿದ ತಾಲ್ಮುಡ್ ಹಸ್ತಪ್ರತಿ ಒಂದೇ ಒಂದು, 1342ರದ್ದು, ಮ್ಯೂನಿಕ್‌ನಲ್ಲಿದೆ. ಅದರ ಚಿತ್ರಗಳು ಮನೆಯಲ್ಲೇ ಕೂತು ನೋಡಲು ಸಿಗುತ್ತವೆ. ಪುಟದಲ್ಲಿ ಅಕ್ಷರ ಕಿಕ್ಕಿರಿದಿದೆ, ಉಸಿರಾಡಲು ಜಾಗವಿಲ್ಲ. ನನಗೆ ಅದನ್ನು ನೋಡಿದಾಗಲೆಲ್ಲ ಕಣ್ಣು ಒದ್ದೆಯಾಗುತ್ತದೆ.

ಮಂಗಳೂರಿನಿಂದ:

ಮಾಷ್ಟ್ರೇ, ನೀವು ಹೇಳಿದ ವ್ಯಾಪಾರಿ ಅಬ್ರಹಾಂ ಬೆನ್ ಯಿಜೂ. ಟುನೀಸಿಯಾದ ಕಡೆಯವನು, ಏಡನ್ ಮೂಲಕ ಇಲ್ಲಿಗೆ ಬಂದ. 1132ರಿಂದ 1149ರವರೆಗಿನ ಹೆಚ್ಚಿನ ಕಾಲ ಈ ಕರಾವಳಿಯಲ್ಲೇ ಇದ್ದ. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ನಡೆಸುತ್ತಿದ್ದ. ನೀವು ಇಲ್ಲಿಂದಲೇ ಯಾಕೆ ಶುರು ಮಾಡಬಾರದು?

ಕಟ್ಟಳೆಯ ದೃಷ್ಟಿಯಿಂದ ಒಂದು ಪತ್ರ ಮುಖ್ಯ. 1132ರಲ್ಲಿ ಮಂಗಳೂರಿನಲ್ಲಿ ಬರೆದ ಬಿಡುಗಡೆ ಪತ್ರ. ಆಶು ಎಂಬ ದಾಸಿಯನ್ನು ಅವನು ಸ್ವತಂತ್ರಳನ್ನಾಗಿ ಮಾಡುತ್ತಾನೆ. ಅವಳಿಗೆ ಬೆರಾಖಾ ಎಂದು ಹೆಸರು, ಅಂದರೆ ಆಶೀರ್ವಾದ. ಯಹೂದಿ ಕಟ್ಟಳೆಯಲ್ಲಿ ಹೀಗೆ ಬಿಡುಗಡೆಯಾದವಳು ಪೂರ್ತಿ ಯಹೂದಿಯಾಗುತ್ತಾಳೆ, ಮದುವೆಯಾಗಬಹುದು. ಅವಳೇ ಅವನ ಮಕ್ಕಳ ತಾಯಿ ಎಂದು ವಿದ್ವಾಂಸರು ಹೇಳುತ್ತಾರೆ. ಕಾಗದಕ್ಕೂ ಇಲ್ಲಿ ಬರ. ಏಡನ್‌ನ ಗೆಳೆಯರು ಈಜಿಪ್ಟಿನ ಕಾಗದ ಕಳಿಸುತ್ತಿದ್ದರು. ಬಂದ ಪತ್ರದ ಖಾಲಿ ಜಾಗದಲ್ಲೂ ಅವನು ಲೆಕ್ಕ ಬರೆದುಕೊಂಡಿದ್ದಾನೆ.

ಇವೆಲ್ಲ ಉಳಿದದ್ದೂ ಒಂದು ಆಚಾರದಿಂದಲೇ. ದೇವರ ಹೆಸರಿರುವ ಬರಹವನ್ನು ಎಸೆಯಬಾರದು. ನಾವು ಹಳೆಯ ಓಲೆಗಳನ್ನು ನದಿಗೆ ಬಿಡುತ್ತಿದ್ದ ಹಾಗೆ ಅವರು ಅವನ್ನು ಎತ್ತಿಟ್ಟು ಮಣ್ಣು ಮಾಡುತ್ತಾರೆ. ಹಳೆ ಕೈರೋದ ಬೆನ್ ಎಜ್ರಾ ಸಭಾಮಂದಿರದ ಕೋಣೆಯಲ್ಲಿ (ಅದಕ್ಕೆ ‘ಗೆನೀಝಾ’ ಎನ್ನುತ್ತಾರೆ) ಎತ್ತಿಟ್ಟದ್ದು ಹಾಗೇ ಉಳಿಯಿತು. ಹೀಬ್ರೂ ಅಕ್ಷರದಲ್ಲಿ ಬರೆದ ಚೀಟಿಗಳೂ ಜೊತೆ ಸೇರಿದವು. 1896–97ರಲ್ಲಿ ವಿದ್ವಾಂಸ ಸೊಲೊಮನ್ ಶೆಕ್ಟರ್ ಹೋಗಿ ಸುಮಾರು 1,93,000 ತುಣುಕುಗಳನ್ನು ಕೇಂಬ್ರಿಜ್‌ಗೆ ತಂದ. ಪ್ರಿನ್ಸ್‌ಟನ್ ಗೆನೀಝಾ ಯೋಜನೆಯ ತಾಣದಲ್ಲಿ ಬೆನ್ ಯಿಜೂ ಹೆಸರು ಹುಡುಕಿ. ಕೆಲವಕ್ಕೆ ಇಂಗ್ಲಿಷ್ ಅನುವಾದವೂ ಇದೆ.

ಅಲ್ಲಿಯ ಮದುವೆ ಕರಾರುಗಳನ್ನೂ ನೋಡದೆ ಬಿಡಬೇಡಿ. ಕೆಲವರಲ್ಲಿ ಗಂಡ ಒಂದು ಪಂಥ, ಹೆಂಡತಿ ಇನ್ನೊಂದು. ತಾಲ್ಮುಡ್ ಒಪ್ಪದ ಕರಾಯಿ ಪಂಥದವರು ಸಬ್ಬತ್ (ವಾರದ ವಿಶ್ರಾಂತಿ ದಿನ) ರಾತ್ರಿ ಮನೆಯಲ್ಲಿ ದೀಪವನ್ನೇ ಇಡುತ್ತಿರಲಿಲ್ಲ. ಉಳಿದವರಿಗೆ ಆ ರಾತ್ರಿ ದೀಪ ಬೇಕೇ ಬೇಕಿತ್ತು. ಹೆಂಡತಿ ಕರಾಯಿಯಾದರೆ, ಅವಳ ಎದುರು ಸಬ್ಬತ್ ದೀಪ ಹಚ್ಚುವುದಿಲ್ಲ ಎಂದು ಗಂಡ, ಅವನ ಹಬ್ಬಗಳನ್ನು ಕೆಡಿಸುವುದಿಲ್ಲ ಎಂದು ಅವಳು ಬರೆದು ಒಪ್ಪಿಕೊಳ್ಳುತ್ತಾರೆ. ಗ್ರಂಥದಲ್ಲಿ ಪರಸ್ಪರ ಬೈದುಕೊಂಡ ಪಂಥಗಳು ಮನೆಯೊಳಗೆ ಹೀಗೆ ಬಾಳಿವೆ.

ನ್ಯೂಜೆರ್ಸಿಯಿಂದ:

ಚಿಕ್ಕದೊಂದು ಸಲಹೆ. ಚಿತ್ರ ನೋಡಿ. ವೆನಿಸ್‌ನಲ್ಲಿ 1593ರಲ್ಲಿ ಯುರೋಪಿನ ಯಹೂದಿಗಳ ಆಡುಮಾತಾದ ಯಿದ್ದಿಷ್ ಭಾಷೆಯಲ್ಲಿ ಒಂದು ಆಚಾರದ ಪುಸ್ತಕ ಅಚ್ಚಾಯಿತು. ಹೀಬ್ರೂ ಓದಲಾಗದ ಹೆಂಗಸರು, ಗಂಡಸರಿಗಾಗಿ. ಮರದ ಅಚ್ಚಿನ ಚಿತ್ರಗಳಿವೆ. ಪಸ್ಕ ಹಬ್ಬದ ರಾತ್ರಿ ಊಟದ ಮೇಜಿನಲ್ಲಿ ಓದುವ ಪುಸ್ತಕಕ್ಕೆ ಹಗ್ಗಾದಾ ಎನ್ನುತ್ತಾರೆ. ಸಾರಾಯೆವೋ ಹಗ್ಗಾದಾ ಎಂಬ 14ನೇ ಶತಮಾನದ ಚಿತ್ರಪ್ರತಿಯಲ್ಲಿ ವೈನ್ ಚೆಲ್ಲಿದ ಕಲೆಗಳಿವೆ. ಪಕ್ಕದ ಮನೆಯವರು ಪಸ್ಕ ಹಬ್ಬಕ್ಕೆ ಕರೆದಾಗ ಅವರ ಅಜ್ಜಿಯ ಪುಸ್ತಕದಲ್ಲೂ ಅದೇ ಪುಟಗಳ ಹತ್ತಿರ ಅದೇ ಕೆಂಪು ಕಲೆ ನೋಡಿದೆ. ಎಲ್ಲಿ ವೈನ್ ಬಟ್ಟಲು ಎತ್ತುತ್ತಾರೆ ಎಂದು ಕೇಳಲೇ ಬೇಕಾಗಲಿಲ್ಲ.

ಪುತ್ತೂರಿನಿಂದ, ಕೇಳಿದವರು:

ಎಲ್ಲರಿಗೂ ಮನಸಾರೆ ವಂದನೆ. ಸಬ್ಬತ್ ದೀಪ ಆರಿಸಿಕೊಂಡಿದ್ದೇನೆ. ನಿನ್ನೆ ರಾತ್ರಿ ಅಕ್ಷರ ಬರೆಯಲು ಕೂತೆ, ಒಂಬತ್ತು ಬಂತು. ದಾಲೆತ್, ರೇಶ್ ಎರಡೂ ಒಂದೇ ತರ ಕಾಣುತ್ತವಲ್ಲ, ಗುರುತಿಸುವುದು ಹೇಗೆ?

ಬೆಂಗಳೂರಿನಿಂದ:

ದಾಲೆತ್ ಮೂಲೆ ಚೂಪು, ಹಿಂದಕ್ಕೆ ಒಂಚೂರು ಚಾಚಿರುತ್ತದೆ. ರೇಶ್ ಮೂಲೆ ದುಂಡಗೆ. ತೋರಾ ಸುರುಳಿಯಲ್ಲಿ ‘ದೇವರು ಒಬ್ಬನೇ’ ಎನ್ನುವ ವಾಕ್ಯದ ಕೊನೆಯ ದಾಲೆತ್ ಅನ್ನು ಬೇಕೆಂದೇ ದೊಡ್ಡದಾಗಿ ಬರೆಯುತ್ತಾರೆ. ಅದನ್ನು ರೇಶ್ ಎಂದು ಓದಿಬಿಟ್ಟರೆ ‘ಒಬ್ಬ’ ಹೋಗಿ ‘ಬೇರೊಬ್ಬ’ ಆಗುತ್ತದೆ. ಆ ಒಂದು ಅಕ್ಷರ ನೋಡಿಕೊಂಡು ಬರೆಯಿರಿ ಸರ್, ಕೈ ಕೂರುತ್ತದೆ.