ರಾದಿಕ್ಕಿಯೊ ಹಾಕಿದೆ, ಗಡ್ಡೆ ಕಟ್ಟದೆ ನೀಲಿ ಹೂ ಬಿಟ್ಟಿತು!

ಬಾಲ್ಕನಿ ರೈತ (ಪಾದುವಾ, ಇಟಲಿ):
ನಮಸ್ಕಾರ. ನಾನು ಹಾಸನದವನು, ಪಾದುವಾಕ್ಕೆ ಬಂದು ಎರಡು ವರ್ಷ. ಚಳಿಗಾಲ ಪೂರ್ತಿ ಇಲ್ಲಿನ ಸಂತೆಯಲ್ಲಿ ರಾದಿಕ್ಕಿಯೊ ಅನ್ನೋ ಕಹಿ ಸೊಪ್ಪಿನ ರಾಶಿ. ಕೆಂಪೆಲೆ, ಬಿಳಿ ನರ, ಮುಷ್ಟಿಯಷ್ಟು ಕೋಸಿನ ಹಾಗೆ. ಆಸೆಯಾಗಿ ಮಾರ್ಚ್ ಕೊನೆಗೆ ಕಿಯೊಜ್ಜಾ ತಳಿಯ ಬೀಜ ನಾಲ್ಕು ಕುಂಡಕ್ಕೆ ಹಾಕಿದೆ. ಎಲೆ ಬಂತು, ಆದರೆ ಹಸಿರು. ಜೂನ್‌ನಲ್ಲಿ ನಡುವಿಂದ ದಂಟು ಎದ್ದು ಎದೆಮಟ್ಟ ಬೆಳೆಯಿತು. ಈಗ ನೀಲಿ ಹೂವು. ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುತ್ತವೆ. ಅಮ್ಮ ವಿಡಿಯೊ ಕಾಲ್‌ನಲ್ಲಿ ನೋಡಿ "ಎಷ್ಟು ಚೆಂದ, ದೇವರಿಗೆ ಇಡೋ" ಅಂದರು. ಎಲೆಯ ಪಲ್ಯ ಮಾಡಿದರೆ ಬೇವು ತಿಂದ ಹಾಗಾಯಿತು. ಎಲ್ಲಿ ತಪ್ಪಿದೆ?

ಕಹಿ ಪ್ರಿಯೆ (ತ್ರೆವಿಸೊ ಹತ್ತಿರ):
ಬೀಜದ್ದು ತಪ್ಪಿಲ್ಲ, ತಿಂಗಳದ್ದು ತಪ್ಪು. ಸಸಿ ಚಿಕ್ಕದಿದ್ದಾಗ ಚಳಿ ತಿಂದು, ಆಮೇಲೆ ಹಗಲು ಉದ್ದವಾಗುತ್ತಾ ಹೋದರೆ, ಗಿಡ ಹೂ ಬಿಡೋ ಕಾಲ ಬಂತು ಅಂದುಕೊಳ್ಳುತ್ತದೆ. ನನ್ನದೂ ಮೊದಲ ವರ್ಷ ಹೀಗೇ ಆಗಿತ್ತು. ಪಕ್ಕದ ಮನೆ ಅಜ್ಜ ಬೇಲಿ ಆಚೆಯಿಂದ ನೋಡಿ ನಕ್ಕಿದ್ದರು.

ಜುಲೈ ಮೊದಲ ವಾರ ಹಾಕಿ. ಬೀಜದ ಮೇಲೆ ಅರ್ಧ ಸೆಂಟಿಮೀಟರ್ ಮಣ್ಣು ಸಾಕು. ಸಸಿ ಎದ್ದ ಮೇಲೆ 25–30 ಸೆಂಟಿಮೀಟರಿಗೆ ಒಂದೇ ಗಿಡ ಉಳಿಸಿ. ಕೀಳೋಕೆ ಮನಸ್ಸು ಬರಲ್ಲ, ಗೊತ್ತು, ಆದರೂ ಕೀಳಿ. ಮಣ್ಣು ಒಣಗೋಕೆ ಬಿಡಬೇಡಿ. ಅಕ್ಟೋಬರ್ ಚಳಿಗೆ ಕೆಂಪು ತಾನಾಗಿ ಏರುತ್ತದೆ.

ಅಂದಹಾಗೆ, ನಮ್ಮೂರಿನ ತಡವಾದ ತಳಿ 'ತಾರ್ದಿವೊ' ಇದೆಯಲ್ಲ, ಅದರ ಉಪಚಾರ ಬಾಣಂತಿಗೂ ಇಲ್ಲ! ಎರಡು ಸಲ ಇಬ್ಬನಿ ಹೆಪ್ಪುಗಟ್ಟಿದ ಮೇಲೆ ಬೇರು ಸಮೇತ ಕಿತ್ತು, ಕತ್ತಲಲ್ಲಿ, ಹರಿಯುವ ಊಟೆನೀರಲ್ಲಿ ಬೇರು ಮುಳುಗಿಸಿ ನಿಲ್ಲಿಸುತ್ತಾರೆ. ಕತ್ತಲಲ್ಲಿ ಒಳಗಿಂದ ಹೊಸ ಎಲೆ ಬರುತ್ತದೆ, ಗರಿಗರಿ, ಕಹಿ ಕಮ್ಮಿ. ಬಾಲ್ಕನಿಯಲ್ಲಿ ಇದಕ್ಕೆ ಕೈ ಹಾಕಬೇಡಿ.

ಅಡುಗೆಗೆ: ಹೆಚ್ಚಿ ತಣ್ಣೀರಲ್ಲಿ ಅರ್ಧ ಗಂಟೆ ಹಾಕಿಟ್ಟರೆ ಕಹಿ ಇಳಿಯುತ್ತದೆ. ನಾನು ಹಾಗಲಕಾಯಿ ಗೊಜ್ಜಿನ ಲೆಕ್ಕದಲ್ಲೇ ಹುಣಸೆ, ಬೆಲ್ಲ ಹಾಕುತ್ತೇನೆ. ಹುಳಿ ಬಿದ್ದರೆ ಕೆಂಪೂ ಉಳಿಯುತ್ತದೆ, ಇಲ್ಲದಿದ್ದರೆ ಬೆಂದು ಕಂದು. ಹೆಸರುಬೇಳೆ ಕೋಸಂಬರಿಗೆ ಹಸಿಯಾಗಿಯೇ ಹಾಕಿ, ನಿಂಬೆಹಣ್ಣು ಜಾಸ್ತಿ ಹಿಂಡಿ.

ಫಿಲ್ಟರ್ ಡಿಕಾಕ್ಷನ್ (ಚಿಕ್ಕಮಗಳೂರು):
ನೀಲಿ ಹೂವು ಅಂದಾಗಲೇ ಅನುಮಾನ ಬಂತು. ಇದು ನಮ್ಮ ಕಾಫಿಪುಡಿಗೆ ಬೆರೆಸೋ ಚಿಕೋರಿ ಜಾತಿಯೇ ಅಲ್ವಾ? ಬೇರು ಹುರಿದು ಪುಡಿ ಮಾಡಿ ನೋಡಿ ಸಾರ್.

ಕಹಿ ಪ್ರಿಯೆ:
ಜಾತಿ ಒಂದೇ, ತಳಿ ಬೇರೆ. ಕಾಫಿಗೆ ಹೋಗೋದು ದಪ್ಪ ಬೇರಿಗೆಂದೇ ಬೆಳೆಸಿದ್ದು. ಹೂ ಬಿಟ್ಟ ಗಿಡದ ಬೇರು ಬರೀ ನಾರು, ಸುಮ್ನೆ ಗ್ಯಾಸ್ ದಂಡ.

ಬಾಲ್ಕನಿ ರೈತ:
ಥ್ಯಾಂಕ್ಸ್ ಅಕ್ಕ. ಮೂರು ಕುಂಡ ಖಾಲಿ ಮಾಡಿ ನಿನ್ನೆ ಹೊಸ ಬೀಜ ಹಾಕಿದೆ. ನಾಲ್ಕನೆಯದನ್ನು ಕಿತ್ತಿಲ್ಲ, ಅಮ್ಮ ದಿನಾ ಹೂವು ತೋರಿಸು ಅನ್ನುತ್ತಾರೆ.